ಹತ್ತಿರ ಹೋದಷ್ಟೂ ಮಸುಕಾಗುವ ಹೂವು

ದಾಸವಾಳದ ನಡುವಿನ ಉದ್ದನೆಯ ಕೋಲನ್ನು ನೋಡಿರುತ್ತೀರಿ. ತುದಿಯಲ್ಲಿ ಐದು ಪುಟ್ಟ ಗುಂಡಿಗಳು, ಅವಕ್ಕಿಂತ ಕೆಳಗೆ ಸುತ್ತಲೂ ಹಳದಿ ಪರಾಗದ ಚೀಲಗಳು. ಇದನ್ನು ಎದುರಿನಿಂದ, ತೀರಾ ಹತ್ತಿರ ಹೋಗಿ ಫೋಟೊ ತೆಗೆಯಿರಿ. ಗುಂಡಿಗಳು ಚೆನ್ನಾಗಿ ಬಂದರೆ ಪರಾಗ ಮಸುಕು, ಪರಾಗಕ್ಕೆ ಫೋಕಸ್ ಮಾಡಿದರೆ ಗುಂಡಿಗಳು ಮಸುಕು. ದಳಗಳಂತೂ ಬರೀ ಬಣ್ಣ. ಕ್ಯಾಮೆರಾ ಕೆಟ್ಟಿಲ್ಲ, ಕೈಯೂ ನಡುಗಿಲ್ಲ. ಹತ್ತಿರ ಹೋದಷ್ಟೂ ಫೋಕಸ್ ಆಗುವ ಜಾಗ ತೆಳುವಾಗುತ್ತಾ ಹೋಗುತ್ತದೆ, ಅಷ್ಟೇ.

ಎಷ್ಟು ತೆಳು? ಹೂವು ಎಷ್ಟು ದೊಡ್ಡದಿದೆಯೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೂ ಅಷ್ಟೇ ದೊಡ್ಡದಾಗಿ ಮೂಡುವಷ್ಟು ಹತ್ತಿರ ಹೋದಿರಿ ಅಂದುಕೊಳ್ಳಿ, ಇದಕ್ಕೆ 1:1 ಅನ್ನುತ್ತಾರೆ. 36 ಮಿ.ಮೀ. ಅಗಲದ ಫುಲ್ ಫ್ರೇಮ್ ಸೆನ್ಸರ್, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/8 (ಈ ಅಂಕಿ ಹೆಚ್ಚಾದಷ್ಟೂ ಕಿಂಡಿ ಕಿರಿದು). ಆಗ ಸ್ಪಷ್ಟವಾಗಿ ಬರುವುದು ಹಿಂದು ಮುಂದು ಸೇರಿ ಸುಮಾರು 1 ಮಿ.ಮೀ.! ಗಾಳಿಗೆ ಹೂವು ಒಂಚೂರು ಅಲುಗಿದರೂ ಅದರಾಚೆ ಹೋಗಿಬಿಡುತ್ತದೆ.

ಹಾಗಾದರೆ ಫೋಕಸ್ ಜಾಗ ಹೆಚ್ಚಿಸಲು ಅಪರ್ಚರ್ ಇನ್ನೂ ಕಿರಿದು ಮಾಡಿದರಾಯ್ತು, ಅಲ್ವಾ? ಸ್ವಲ್ಪ ಮಟ್ಟಿಗೆ ಹೌದು. ಆದರೆ ಬೆಳಕು ಅಲೆ, ಸಣ್ಣ ಕಿಂಡಿಯಲ್ಲಿ ತೂರಿ ಬರುವಾಗ ಹರಡಿಕೊಳ್ಳುತ್ತದೆ, ಚುಕ್ಕಿಯಾಗಿ ಮೂಡಬೇಕಾದದ್ದು ಪುಟ್ಟ ಬಿಲ್ಲೆಯಾಗುತ್ತದೆ. ಅದರ ಮೇಲೆ, 1:1ರಲ್ಲಿ ಸಾಮಾನ್ಯ ಲೆಕ್ಕದ ಪ್ರಕಾರ ಎಫ್/16 ಇಟ್ಟರೂ ಅದು ಎಫ್/32ರಂತೆ ವರ್ತಿಸುತ್ತದೆ, ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಕೊನೆಗೆ ಎಲ್ಲವೂ ಫೋಕಸ್‌ನಲ್ಲಿದೆ, ಯಾವುದೂ ಚೂಪಾಗಿಲ್ಲ ಅನ್ನುವ ಫೋಟೊ ಸಿಗುತ್ತದೆ. ನನ್ನ ಕೇಳಿದರೆ ಎಫ್/11 ದಾಟುವ ಗೋಜಿಗೆ ಹೋಗಬೇಡಿ.

ಎಲೆಯಾದರೆ ಸುಲಭ, ಕ್ಯಾಮೆರಾವನ್ನು ಅದಕ್ಕೆ ಸಮನಾಗಿ ಹಿಡಿದರೆ ನರಗಳೆಲ್ಲ ಒಂದೇ ಫೋಟೊದಲ್ಲಿ ಬರುತ್ತವೆ. ಹೂವಿಗಾದರೆ ಫೋಕಸ್ ಚೂರು ಚೂರೇ ಸರಿಸುತ್ತಾ ಹಲವು ಫೋಟೊ ತೆಗೆದು, ಚೂಪಾದ ಭಾಗಗಳನ್ನಷ್ಟೇ ಸಾಫ್ಟ್‌ವೇರ್‌ನಲ್ಲಿ ಜೋಡಿಸಬಹುದು. ಗಾಳಿ ಇಲ್ಲದಿದ್ದರೆ ಮಾತ್ರ. ಫೋನಿನ ಸೆನ್ಸರ್ ಪುಟ್ಟದು, ಹಾಗಾಗಿ ಅದರಲ್ಲಿ ಫೋಕಸ್ ಜಾಗ ಜಾಸ್ತಿ ಸಿಗುತ್ತದೆ, ಆದರೆ ಎಷ್ಟೋ ಸಲ ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತದೆ.

ಇನ್ನು ಎಲ್ಲರಿಗೂ ಇಷ್ಟವಾಗುವ ನೀರಿನ ಹನಿ. ಬೆಳಿಗ್ಗೆ ಎಲೆಯ ಅಂಚಿನ ಹಲ್ಲು ಹಲ್ಲಿಗೂ ಒಂದೊಂದು ದಪ್ಪ ಹನಿ ಕೂತಿದ್ದರೆ ಅದನ್ನು ಇಬ್ಬನಿ ಅನ್ನಲು ಅವಸರ ಬೇಡ. ಇಬ್ಬನಿ ಗಾಳಿಯ ತೇವದಿಂದ ಆಗುವುದು, ಎಲೆಯ ಮೈಮೇಲೆಲ್ಲ ಕೂರುತ್ತದೆ. ಅಂಚಿನ ಹನಿಗಳು ಸಾಮಾನ್ಯವಾಗಿ ಗಿಡದ ಒಳಗಿನವು. ರಾತ್ರಿ ಎಲೆಯಿಂದ ನೀರು ಆವಿಯಾಗುವುದು ಕಡಿಮೆ, ಬೇರು ಮಾತ್ರ ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ, ಹೆಚ್ಚಾದದ್ದು ಅಂಚಿನ ಪುಟ್ಟ ರಂಧ್ರಗಳಿಂದ ಹೊರಬರುತ್ತದೆ. ಟೊಮ್ಯಾಟೊ, ಸ್ಟ್ರಾಬೆರಿ, ಹುಲ್ಲಿನಲ್ಲಿ ಇದನ್ನು ನೋಡಬಹುದು.

ಗುಂಡಾದ ಹನಿಯ ಹಿಂದೆ ಸ್ವಲ್ಪ ದೂರದಲ್ಲಿ ಹೂವಿದ್ದರೆ ಅದು ಹನಿಯೊಳಗೆ ತಲೆಕೆಳಗಾಗಿ ಕಾಣುತ್ತದೆ. ನೋಡಲು ಒಳಗಿದ್ದಂತೆ ಕಂಡರೂ ಬಿಂಬ ಇರುವುದು ಹನಿಯ ಹೊರಗೆ, ನಿಮ್ಮ ಕಡೆಗೆ, ಗಾಳಿಯಲ್ಲಿ! ಹನಿಯ ಸುತ್ತ ಕಾಣುವ ಅಂಚಿಗೂ ಆ ಬಿಂಬಕ್ಕೂ ನಡುವೆ ಕಡಿಮೆಯೆಂದರೂ ಹನಿಯ ವ್ಯಾಸದಷ್ಟು ದೂರ. ಹನಿ 2 ಮಿ.ಮೀ. ಇದ್ದರೆ 2 ಮಿ.ಮೀ. ಅಂತರ, ನಿಮ್ಮ ಹತ್ತಿರ ಇರುವ ಫೋಕಸ್ 1 ಮಿ.ಮೀ. ಅಂಚಿಗೆ ಫೋಕಸ್ ಮಾಡಿದಾಗ ಹೂವು ಮಸುಕಾಗುವುದು ಇದಕ್ಕೇ. ಹೂವು ಬೇಕಿದ್ದರೆ ಕ್ಯಾಮೆರಾವನ್ನು ಆ ಅಂತರದಷ್ಟು ಹಿಂದಕ್ಕೆ ತನ್ನಿ, ಎರಡೂ ಬೇಕಿದ್ದರೆ ಎರಡು ಫೋಟೊ ತೆಗೆದು ಜೋಡಿಸಿ.