ಹೊಲಿಗೆ ಬಿಟ್ಟದ್ದಲ್ಲ, ಟೀಚರ್

"ಹೊಲಿಗೆ ಬಿಟ್ಟಿದೆ ಅಕ್ಕಾ, ಗಟ್ಟಿಯಾಗಿ ಒಂದು ಹಾಕಿಕೊಡಿ." ಬದಿಯಡ್ಕದ ನನ್ನ ಅಂಗಡಿಯಲ್ಲಿ ಈ ಮಾತು ಕೇಳದ ವಾರವಿಲ್ಲ. ಮಲಯಾಳದವರಾದರೆ 'ತುನ್ನಲ್ ವಿಟ್ಟು' ಅನ್ನುತ್ತಾರೆ. ಭಾಷೆ ಬೇರೆ, ತಪ್ಪು ಒಂದೇ.

ಮೊನ್ನೆ ಒಬ್ಬರು ಟೀಚರ್ ರೇಷ್ಮೆ ಬ್ಲೌಸ್ ಹಿಡಿದುಕೊಂಡು ಬಂದರು. ಮರುದಿನ ತಂಗಿಯ ಮಗಳ ಮದುವೆ. ಕಂಕುಳ ಕೆಳಗೆ ಬಾಯಿ ಬಿಟ್ಟಿತ್ತು. ಬೆಳಕಿಗೆ ಹಿಡಿದು ತೋರಿಸಿದೆ. ಹೊಲಿದ ನೂಲು ಒಂದೂ ಕಡಿದಿರಲಿಲ್ಲ. ಪಕ್ಕದ ಎಳೆಗಳು ಸರಿದುಹೋಗಿ, ಅಡ್ಡ ಎಳೆಗಳು ಮಾತ್ರ ಏಣಿಯ ಮೆಟ್ಟಿಲ ಹಾಗೆ ಉಳಿದಿದ್ದವು.

"ಇದು ಹೊಲಿಗೆ ಬಿಟ್ಟದ್ದಲ್ಲ ಟೀಚರ್, ಬಟ್ಟೆ ಜಾರಿದ್ದು."

"ಎರಡೂ ಒಂದೇ ಅಲ್ವಾ?"

ಅಲ್ಲ. ನಾವು ಎಲ್ಲಕ್ಕೂ ಹೊಲಿಗೆ ಅಂತಲೇ ಹೇಳುವುದರಿಂದ ಈ ಗೋಜಲು. ಸೂಜಿ ಒಮ್ಮೆ ಹೊಕ್ಕು ಬಂದರೂ ಹೊಲಿಗೆ, ಎರಡು ತುಂಡು ಕೂಡಿದ ಜಾಗವೂ ಹೊಲಿಗೆ, ಆಸ್ಪತ್ರೆಯಲ್ಲಿ ಹಾಕಿದ್ದೂ ಹೊಲಿಗೆ. ಇಂಗ್ಲಿಷಿನಲ್ಲಿ ಮೊದಲನೆಯದು ಸ್ಟಿಚ್, ಎರಡನೆಯದು ಸೀಮ್. ಸೀಮ್ ಅಂದರೆ ನೂಲಲ್ಲ, ಜಾಯಿಂಟು. ಒಳಗೆ ಬಿಟ್ಟ ಮಾರ್ಜಿನ್ನೂ, ಅಂದರೆ ಹೊಲಿದ ಗೆರೆಯಾಚೆಗಿನ ಹೆಚ್ಚಿನ ಬಟ್ಟೆಯೂ, ಅದರದ್ದೇ ಭಾಗ. ಗಣಿಯವರು ಬಂಡೆಗಳ ನಡುವಿನ ಕಲ್ಲಿದ್ದಲ ಪದರಕ್ಕೂ ಸೀಮ್ ಅನ್ನುತ್ತಾರೆ. ಅಲ್ಲಿ ಸೂಜಿ ಎಲ್ಲಿಂದ ಬರಬೇಕು? ಕ್ರಿಕೆಟ್ ಚೆಂಡಿನದಂತೂ ನನಗೆ ಭಾರೀ ಇಷ್ಟ. ಹೊರಗೆ ಉಬ್ಬಿದ ಸೀಮ್ ಮೇಲೆ ಆರು ಸಾಲು ಹೊಲಿಗೆ ಎಲ್ಲರಿಗೂ ಕಾಣುತ್ತದೆ. ಆದರೆ ನಾಲ್ಕು ತುಂಡಿನ ಚೆಂಡಾದರೆ ಒಂದೊಂದು ಅರ್ಧದಲ್ಲೂ ಇನ್ನೊಂದು ಜಾಯಿಂಟು ಇದೆ. ಅದನ್ನು ಒಳಗಿಂದಲೇ ಹೊಲಿದಿರುತ್ತಾರೆ, ನೂಲೇ ಕಾಣುವುದಿಲ್ಲ. ಎಂಥ ಕೈಕೆಲಸ!

ಇರಲಿ, ಬ್ಲೌಸಿಗೆ ಬರುತ್ತೇನೆ. ನೂಲು ಕಡಿದಿದ್ದರೆ ಐದು ನಿಮಿಷದ ಕೆಲಸ. ಬಟ್ಟೆ ಜಾರಿದ್ದರೆ ಅದೇ ಗೆರೆಯ ಮೇಲೆ ಎಷ್ಟು ಸಲ ಮಿಷನ್ ಓಡಿಸಿದರೂ ಸುಮ್ನೆ. ನುಣುಪಾದ ರೇಷ್ಮೆ, ಸ್ಯಾಟಿನ್‌ಗಳ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದಿಲ್ಲ. ನಮ್ಮ ಕಾಸರಗೋಡು ಸೀರೆಯಂಥ ಹತ್ತಿಯಲ್ಲಿ ಈ ತಂಟೆ ಕಡಿಮೆ. "ಹಾಗಾದರೆ ಸಣ್ಣ ಸಣ್ಣ ಹೊಲಿಗೆ ಹಾಕಿ" ಅನ್ನುವವರೂ ಇದ್ದಾರೆ. ಹಳೇ ರೇಷ್ಮೆಗೆ ಸೂಜಿ ಜಾಸ್ತಿ ಚುಚ್ಚಿದರೆ ಸ್ಟಾಂಪಿನ ಅಂಚಿನ ಹಾಗೆ ಸಾಲಾಗಿ ತೂತು ಬೀಳುತ್ತದೆ. ಆಮೇಲೆ ಹರಿಯುವುದೂ ಸ್ಟಾಂಪಿನ ಹಾಗೆಯೇ. ಹೆಚ್ಚಾಗಿ ಬೇಕಾದ್ದು ಗಟ್ಟಿ ಹೊಲಿಗೆಯಲ್ಲ, ಮೈಗೆ ಸ್ವಲ್ಪ ಸಡಿಲ. ಹೆಚ್ಚಾಗಿ ಅಂದೆ. ಬಟ್ಟೆ ಮುಟ್ಟಿ ನೋಡದೆ ಖಂಡಿತ ಅಂತ ನಾನು ಹೇಳುವುದಿಲ್ಲ.

ಈ ಟೀಚರ್ ಹೊಲಿಸುವಾಗಲೇ "ಒಳಗೆ ದಪ್ಪ ಕಾಣುತ್ತದೆ, ಮಾರ್ಜಿನ್ ಕತ್ತರಿಸಿ" ಅಂದಿದ್ದರು. ನಾನೂ ಕತ್ತರಿಸಿಬಿಟ್ಟಿದ್ದೆ, ನನ್ನದೂ ತಪ್ಪೇ. ಈಗ ಬಿಡಿಸಲು ಒಳಗೆ ಏನೂ ಇಲ್ಲ. ಜಾರಿದ ಭಾಗವನ್ನು ಒಳಕ್ಕೆ ಹಾಕಿ, ಕಂಕುಳಿಗೆ ಅದೇ ಬಣ್ಣದ ಸಣ್ಣ ತುಂಡು ಸೇರಿಸಿದೆ.

"ತುಂಡು ಕಾಣುತ್ತದಾ?"

"ಕೈ ಎತ್ತದಿದ್ದರೆ ಇಲ್ಲ."

"ಮತ್ತೆ ಅಕ್ಷತೆ ಹಾಕುವುದು ಹೇಗೆ?"