ಕಕ್ಕಡದ ಮಳೆಯಲ್ಲಿ ಟಿಪ್ಪಣಿ ಹಂಚಿಕೊಳ್ಳಲು: ಲಿನಕ್ಸ್‌ನಲ್ಲಿ ಸಿಂಕ್‌ಥಿಂಗ್

ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳಲ್ಲಿ ಮಡಿಕೇರಿಯ ಕಡೆ ಒಂದು ಮರ ಉರುಳಿದರೆ ಸಾಕು, ಕರೆಂಟೂ ಇಂಟರ್ನೆಟ್ಟೂ ಒಟ್ಟಿಗೆ ಹೋಗುತ್ತವೆ. ಜೊತೆಯಲ್ಲಿ ಓದುವ ನಾವು ಮೂವರು ಟಿಪ್ಪಣಿಗಳನ್ನು ದೂರದ ಸರ್ವರ್‌ನಲ್ಲಿ ಇಟ್ಟಿದ್ದಾಗ, ಪಕ್ಕದಲ್ಲೇ ಕುಳಿತ ಗೆಳತಿಯ ಬರಹವೂ ನನಗೆ ಸಿಗುತ್ತಿರಲಿಲ್ಲ. ಆ ಸಂಕಟವೇ ನಮ್ಮನ್ನು, ಹಲವು ಗಣಕಗಳ ಫೋಲ್ಡರ್‌ಗಳನ್ನು ಒಂದೇ ತೆರನಾಗಿ ಇಡುವ ಸಿಂಕ್‌ಥಿಂಗ್ ಎಂಬ ತಂತ್ರಾಂಶಕ್ಕೆ ತಂದಿತು. ಇದರಲ್ಲಿ ಕಡತಗಳು ಒಂದು ಗಣಕದಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತವೆ. ರೌಟರ್‌ಗೆ ಯುಪಿಎಸ್ ಇದ್ದರೆ ಮನೆಯ ವೈಫೈ ಒಂದೇ ಸಾಕು.

ಡೆಬಿಯನ್, ಉಬುಂಟು ಎಂಬ ಲಿನಕ್ಸ್‌ಗಳಲ್ಲಿ ತಂತ್ರಾಂಶ ಹಾಕಿಕೊಳ್ಳುವ ಆಪ್ಟ್ ಆದೇಶದ ಮೂಲಕ ಸಿಗುತ್ತದೆ, ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿಯಲ್ಲೂ ಇದೆ. ಓಡಿಸಿದ ಮೇಲೆ ಬ್ರೌಸರ್‌ನಲ್ಲಿ ಅದೇ ಗಣಕದ 8384ನೇ ಪೋರ್ಟ್ (localhost:8384) ತೆರೆದರೆ ಉಳಿದ ಕೆಲಸವೆಲ್ಲ ಅಲ್ಲೇ.

ತಿಳಿದುಕೊಳ್ಳಲೇಬೇಕಾದದ್ದು ಸಾಧನದ ಗುರುತು. ಮೊದಲ ಸಲ ಓಡುವಾಗ ಸಿಂಕ್‌ಥಿಂಗ್ ತನಗೊಂದು ಪ್ರಮಾಣಪತ್ರ ಮಾಡಿಕೊಳ್ಳುತ್ತದೆ. ಅದರ ಎಸ್‌ಎಚ್‌ಎ-256 ಹ್ಯಾಶ್‌ನಿಂದ, ಅಂದರೆ ಅದರಿಂದ ಲೆಕ್ಕ ಹಾಕಿ ಪಡೆದ ಬೆರಳಚ್ಚಿನಂಥ ಸಂಖ್ಯೆಯಿಂದ, ಹುಟ್ಟುವುದೇ ಈ ಗುರುತು: ಏಳೇಳು ಅಕ್ಷರಗಳ ಎಂಟು ಗುಂಪು. ಇದನ್ನು ಪಾಸ್‌ವರ್ಡ್‌ನಂತೆ ಬಚ್ಚಿಡಬೇಕೆಂದು ನಾನು ತಿಳಿದಿದ್ದೆ. ಹಾಗಿಲ್ಲ, ನಾನು ಗೆಳತಿಯ ಗುರುತನ್ನೂ ಅವಳು ನನ್ನದನ್ನೂ ಸೇರಿಸಿಕೊಂಡರೆ ಮಾತ್ರ ಸಂಪರ್ಕ ಕೂಡುತ್ತದೆ. ಕಾಪಾಡಬೇಕಾದದ್ದು ಪ್ರಮಾಣಪತ್ರದ ಜೊತೆಗೇ ಹುಟ್ಟುವ ಖಾಸಗಿ ಕೀಲಿಯ ಕಡತವನ್ನು.

ಗುರುತು ಸೇರಿಸಿದರೂ ಗಣಕಗಳು ಒಂದನ್ನೊಂದು ಕಾಣದಿದ್ದರೆ, ಹೊರಗಿನ ಸಂಪರ್ಕಗಳನ್ನು ತಡೆಯುವ ಫೈರ್‌ವಾಲ್ ನೋಡಿ. ಒಂದೇ ವೈಫೈನಲ್ಲಿ ಪರಸ್ಪರ ಹುಡುಕಲು 21027ನೇ ಯುಡಿಪಿ ಪೋರ್ಟ್, ಕಡತ ಸಾಗಿಸಲು 22000ನೇ ಪೋರ್ಟ್ ತೆರೆದಿರಬೇಕು. ನಮಗೆ ಒಂದು ಸಂಜೆ ಪೂರ್ತಿ ಹಿಡಿದದ್ದು ಇಲ್ಲೇ.

ಎರಡು ಗಣಕಗಳೂ ಒಂದೇ ಹೊತ್ತಿನಲ್ಲಿ ಚಾಲೂ ಇರಬೇಕೆಂಬುದು ಇದರ ದೊಡ್ಡ ಮಿತಿ. ಹಾಗಾಗಿ ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಗಣಕವನ್ನು ಸದಾ ಓಡುವಂತೆ ಇಟ್ಟಿದ್ದೇವೆ. ಅದರಲ್ಲಿ ಸಿಂಕ್‌ಥಿಂಗನ್ನು, ಗಣಕ ಶುರುವಾದೊಡನೆ ಕೆಲಸಗಳನ್ನು ಓಡಿಸುವ ಸಿಸ್ಟಮ್‌ಡಿಯ ಸೇವೆಯಾಗಿ ಮಾಡಿದ್ದರಿಂದ ಕರೆಂಟ್ ಬಂದೊಡನೆ ತಾನೇ ಎದ್ದು ಕೂರುತ್ತದೆ. ಸೋಮವಾರಪೇಟೆಯ ಗೆಳತಿ ಶನಿವಾರ ಬಸ್ಸಿನಲ್ಲಿ ಬಂದು ಲ್ಯಾಪ್‌ಟಾಪ್ ತೆರೆದರೆ, ಕಾಫಿ ಕುಡಿಯುವಷ್ಟರಲ್ಲಿ ಅವಳ ವಾರದ ಟಿಪ್ಪಣಿಗಳೆಲ್ಲ ಪೈಗೆ ಇಳಿದಿರುತ್ತವೆ.

ಒಂದೇ ಕಡತವನ್ನು ಇಬ್ಬರು ಬೇರೆ ಬೇರೆ ಕಡೆ ತಿದ್ದಿದರೆ, ಹಳೆಯ ಸಮಯದ ಪ್ರತಿಗೆ ಸಿಂಕ್‌ಥಿಂಗ್ ಬೇರೆ ಹೆಸರು ಕೊಟ್ಟು ಉಳಿಸುತ್ತದೆ. ಬರಹ ಕಳೆಯುವುದಿಲ್ಲ, ಆದರೆ ಎರಡನ್ನೂ ಕೂಡಿಸುವ ಕೆಲಸ ನಮ್ಮದೇ. ಈಗ ಪ್ರತಿಯೊಬ್ಬರೂ ತಮ್ಮ ಹೆಸರಿನ ಕಡತದಲ್ಲಿ ಮಾತ್ರ ಬರೆಯುತ್ತೇವೆ.

ಒಬ್ಬರು ಅಳಿಸಿದ್ದು ಎಲ್ಲರಲ್ಲೂ ಅಳಿಯುತ್ತದೆ. ಆದ್ದರಿಂದ ಫೋಲ್ಡರ್ ಹಂಚುವ ಮೊದಲೇ, ಸದಾ ಓಡುವ ಗಣಕದಲ್ಲಿ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಿ.