ಎಪಾಕ್ಸಿ ಒಣಗುವುದಲ್ಲ, ಹೆಣೆದುಕೊಳ್ಳುವುದು

ಕಾರ್ಬನ್ ಫೈಬರ್ ಅಂದರೆ ಕಾರ್ಬನ್ ಎಳೆಗಳಿಂದ ನೇಯ್ದ ಬಟ್ಟೆ. ಅದನ್ನು ವಸ್ತುವಿಗೆ ಹಿಡಿಸುವ ಅಂಟು ಎಪಾಕ್ಸಿ, ರೆಸಿನ್ ಎಂಬ ದ್ರವಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡ್ನರ್ ಬೆರೆಸಿ ಮಾಡುವಂಥದ್ದು. ಮನೆಯ ಸಣ್ಣಪುಟ್ಟ ವಸ್ತುಗಳಿಗೆ ಈ ಬಟ್ಟೆ ಹೊದಿಸುವ ಆಸೆ ಇರುವ ಹುಡುಗರು ಇಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ. "ಮಳೆಗಾಲದಲ್ಲಿ ಬೇಗ ಒಣಗ್ಲಿಕ್ಕೆ ಹಾರ್ಡ್ನರ್ ಸ್ವಲ್ಪ ಜಾಸ್ತಿ ಹಾಕಬಹುದಲ್ವಾ?"

ಬೇಡ. ದಯವಿಟ್ಟು ಬೇಡ.

ಈ ತಪ್ಪು ತಿಳಿವಳಿಕೆಗೆ ಕಾರಣ ನಮ್ಮ ಕಡಲತೀರದಲ್ಲೇ ಸಿಗುತ್ತದೆ. ಮಲ್ಪೆಯಂಥ ಕಡೆ ಫೈಬರ್ ದೋಣಿ ರಿಪೇರಿಗೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರೆಸಿನ್. ಅದಕ್ಕೆ ಸೇರಿಸುವ ಹಾರ್ಡ್ನರ್ ನೂರಕ್ಕೆ ಒಂದೆರಡು ಭಾಗ ಅಷ್ಟೇ. ಅದು ಕ್ರಿಯೆ ಶುರು ಮಾಡಿಸುತ್ತದೆ, ಮುಂದಿನ ಕೆಲಸ ರೆಸಿನ್‌ನದು. ಹವೆ ನೋಡಿಕೊಂಡು ತುಸು ಹೆಚ್ಚುಕಡಿಮೆ ಮಾಡಿದರೆ ನಡೆಯುತ್ತದೆ. ಎಪಾಕ್ಸಿಯ ಲೆಕ್ಕವೇ ಬೇರೆ.

ಎಪಾಕ್ಸಿ ಅಣುವಿನ ತುದಿಗಳಲ್ಲಿ ಎರಡು ಕಾರ್ಬನ್, ಒಂದು ಆಕ್ಸಿಜನ್ ಸೇರಿದ ಪುಟ್ಟ ಉಂಗುರಗಳಿವೆ. ಹಾರ್ಡ್ನರ್‌ನಲ್ಲಿರುವುದು ಅಮೀನ್ ಎಂಬ ಸಾರಜನಕದ ಸಂಯುಕ್ತ. ಅದರ ಸಾರಜನಕಕ್ಕೆ ಅಂಟಿದ ಒಂದೊಂದು ಹೈಡ್ರೋಜನ್ ಒಂದೊಂದು ಉಂಗುರವನ್ನು ಬಿಡಿಸಿ ಕೂಡಿಕೊಳ್ಳುತ್ತದೆ. ಕಂಬಳದ ಗದ್ದೆಗೆ ಕೋಣಗಳನ್ನು ಜೋಡಿ ಕಟ್ಟಿ ಇಳಿಸುತ್ತಾರಲ್ಲ, ಹಾಗೆ. ಜೋಡಿ ಸಿಗದ ಕೋಣ ದಡದಲ್ಲೇ ಉಳಿಯುತ್ತದೆ. ಹೆಚ್ಚಾಗಿ ಸುರಿದ ಹಾರ್ಡ್ನರ್ ಕೂಡ ಜೋಡಿಯಿಲ್ಲದೆ ಒಳಗೇ ಉಳಿದು, ಪದರವನ್ನು ಮೆತ್ತಗೆ, ಅಂಟಂಟಾಗಿ ಇಡುತ್ತದೆ. ವಾರಗಟ್ಟಲೆ ಬಿಸಿಲಿಗಿಟ್ಟರೂ ಸರಿಹೋಗುವುದಿಲ್ಲ. ಇಲ್ಲಿ ಆರಿ ಹೋಗಬೇಕಾದ ನೀರೇ ಇಲ್ಲ! ಆದ್ದರಿಂದ ಡಬ್ಬದ ಮೇಲೆ ತೂಕದ ಅಳತೆ ಕೊಟ್ಟಿದ್ದರೆ ತೂಕ ಮಾಡಿಯೇ ಬೆರೆಸಿ, ಗ್ರಾಂ ತೋರಿಸುವ ಸಣ್ಣ ತಕ್ಕಡಿ ಸಾಕು. ಒಂದೇ ಕಪ್ಪಿನಲ್ಲಿ ಜಾಸ್ತಿ ಕಲಸಿಟ್ಟರೆ ಅದರದೇ ಬಿಸಿಗೆ ಹೊಗೆಯಾಡಬಹುದು. ಸ್ವಲ್ಪಸ್ವಲ್ಪವೇ ಕಲಸಿ.

ಬಟ್ಟೆಯ ಕಥೆಯೂ ಸೊಗಸಾಗಿದೆ. 1879ರಲ್ಲಿ ಎಡಿಸನ್ ಹತ್ತಿಯ ದಾರವನ್ನು ಸುಟ್ಟು ಕಾರ್ಬನ್ ಎಳೆ ಮಾಡಿ ಬಲ್ಬಿನಲ್ಲಿ ಉರಿಸಿದ. 1958ರಲ್ಲಿ ಅಮೆರಿಕದ ರೋಜರ್ ಬೇಕನ್ ನಿಜವಾಗಿ ಗಟ್ಟಿಯಾದ ಎಳೆಗಳನ್ನು ಕಂಡರು. ಈಗ ಅಂಗಡಿಯಲ್ಲಿ ಸಿಗುವ '3ಕೆ' ಬಟ್ಟೆಯ ಒಂದೊಂದು ಪಟ್ಟಿಯಲ್ಲಿ 3000 ಎಳೆಗಳಿರುತ್ತವೆ, ಒಂದೊಂದೂ ಸುಮಾರು 7 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ 7 ಭಾಗ) ದಪ್ಪ. ಇಷ್ಟೆಲ್ಲ ಇದ್ದರೂ ಮರದ ಡಬ್ಬದ ಮೇಲೆ ಒಂದು ಪದರ ಹೊದಿಸುವುದು ಮುಖ್ಯವಾಗಿ ಅಂದಕ್ಕೆ. ಡಬ್ಬ ಉಕ್ಕಾಗುವುದಿಲ್ಲ.

ಶುರುವಿಗೆ ಪೆನ್ನಿನ ಪೆಟ್ಟಿಗೆಯ ಮುಚ್ಚಳದಂಥ ಚಪ್ಪಟೆ ವಸ್ತು ಒಳ್ಳೆಯದು. ಮೇಲ್ಮೈ ಉಜ್ಜಿ, ಕಪ್ಪು ಬಣ್ಣ ಬೆರೆಸಿದ ಎಪಾಕ್ಸಿ ತೆಳ್ಳಗೆ ಬಳಿಯಿರಿ. ಗ್ಲೌಸ್ ಹಾಕಿದ ಬೆರಳಿಟ್ಟರೆ ಗುರುತು ಮೂಡಬೇಕು, ರೆಸಿನ್ ಬೆರಳಿಗೆ ಹತ್ತಬಾರದು. ಬಟ್ಟೆ ಇಡುವ ಹೊತ್ತು ಅದೇ. ಕತ್ತರಿಸುವ ಜಾಗಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ, ಟೇಪಿನ ಮೇಲೆಯೇ ಕತ್ತರಿ ಆಡಿಸಿ, ಇಲ್ಲದಿದ್ದರೆ ಅಂಚಿನ ಎಳೆಗಳೆಲ್ಲ ಬಿಚ್ಚಿಕೊಳ್ಳುತ್ತವೆ. ನೇಯ್ಗೆಯ ಓರೆ ಗೆರೆ ಸೊಟ್ಟಗಾದರೆ ಎಷ್ಟು ಪಾಲಿಶ್ ಮಾಡಿದರೂ ಸೊಟ್ಟಗೇ ಕಾಣುತ್ತದೆ. ಬಟ್ಟೆಯಡಿಯ ಎಪಾಕ್ಸಿ ಗಟ್ಟಿಯಾದ ಮೇಲೆ ಪಾರದರ್ಶಕ ಎಪಾಕ್ಸಿಯ ಪದರಗಳನ್ನು ಬಳಿಯಿರಿ.

ನಮ್ಮ ಜೂನ್–ಸೆಪ್ಟೆಂಬರ್ ಹವೆ ಕಾಟ ಕೊಡುವುದು ಈ ಹಂತದಲ್ಲೇ. ಗಾಳಿಯ ತೇವ, ಇಂಗಾಲದ ಡೈಆಕ್ಸೈಡ್ ಎರಡೂ ಸೇರಿ ಮೇಲ್ಮೈಯಲ್ಲಿರುವ ಅಮೀನ್ ಜೊತೆ ವರ್ತಿಸಿ ಮೇಣದಂಥ ಜಿಡ್ಡು ಮೂಡಿಸುತ್ತವೆ. ಇದನ್ನೇ ಜನ "ಒಣಗಿಲ್ಲ" ಅನ್ನುತ್ತಾರೆ. ಉಜ್ಜುಕಾಗದ ಹಿಡಿದರೆ ಜಿಡ್ಡು ಹರಡುತ್ತದೆ, ಹೋಗುವುದಿಲ್ಲ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹಿಡಿದು ಬರೀ ನೀರಲ್ಲಿ ತೊಳೆಯಿರಿ, ಒರೆಸಿ, ಆಮೇಲೆ ಉಜ್ಜಿ. ಉಜ್ಜುವಾಗ ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಇರಲಿ. ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ.

ಕಾರ್ಬನ್ ವಿದ್ಯುತ್ ವಾಹಕ. ಸ್ವಿಚ್ ಬೋರ್ಡಿನ ಪ್ಲೇಟಿಗೆ ಇದನ್ನು ಖಂಡಿತ ಹೊದಿಸಬೇಡಿ. ಮೊಬೈಲ್ ಬೆನ್ನಿಗೆ ಹೊದಿಸಿದರೆ ಸಿಗ್ನಲ್ ಕುಗ್ಗುತ್ತದೆ. ಅಲ್ಯೂಮಿನಿಯಂ ವಸ್ತುವಾದರೆ ಬಟ್ಟೆ ನೇರವಾಗಿ ಲೋಹಕ್ಕೆ ತಾಗದ ಹಾಗೆ ನಡುವೆ ಗಾಜಿನ ನಾರಿನ ತೆಳು ಪದರ ಇರಲಿ. ಕಡಲ ಉಪ್ಪುಗಾಳಿಯ ತೇವ ಸಿಕ್ಕಿದರೆ ಕಾರ್ಬನ್–ಅಲ್ಯೂಮಿನಿಯಂ ಜೋಡಿ ಬ್ಯಾಟರಿಯಾಗುತ್ತದೆ, ಸವೆಯುವುದು ಅಲ್ಯೂಮಿನಿಯಂ.